ವೀಸಾ ಬೇಡವೆಂದ ಕಾಗದ

ದ್ವೀಪದ ಆಸ್ಪತ್ರೆ
3 ಮಾರ್ಚ್ 2025

ಅಕ್ಕನಿಗೆ ಕಲ್ಮೇಶನ ನಮಸ್ಕಾರ.

ನಾಲ್ಕು ದಿನದಿಂದ ನನ್ನ ಫೋನ್ ಇಲ್ಲವೆಂದು ನೀನು ಇಷ್ಟು ಹೊತ್ತಿಗೆ ನಾಯಂಡಹಳ್ಳಿಯ ವರ್ಕ್‌ಶಾಪಿಗೇ ಹೋಗಿ ನಮ್ಮ ಯಜಮಾನರು ರೇವಣಸಿದ್ದಪ್ಪನವರನ್ನು ತರಾಟೆಗೆ ತೆಗೆದುಕೊಂಡಿರುತ್ತೀಯ. ಪಾಪ, ಅವರನ್ನು ಬಿಟ್ಟುಬಿಡು. ಅಕ್ಕನಿಗೆ ಹೇಳಬೇಡಿ ಎಂದು ತಿಳಿಸಿದವನು ನಾನೇ.

ಶಿವರಾತ್ರಿಯ ಮರುದಿನ ಇಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ನಮ್ಮ ಕಬ್ಬು ಅರೆಯುವ ಯಂತ್ರವನ್ನು ಮೊದಲ ಸಲ ಓಡಿಸಿ ನೋಡುತ್ತಿದ್ದೆವು. ರೋಲರಿನ ಹಲ್ಲೊಂದು ಮುರಿದು, ಅದರ ಚೂರು ಹಾರಿ ಬಂದು ನನ್ನ ಕುತ್ತಿಗೆಗೆ ಹೊಕ್ಕಿತು. ಹೆದರಬೇಡ, ಬದುಕಿದ್ದೇನೆ. ಉಸಿರಾಡಲು ಗಂಟಲಿಗೆ ತೂತು ಮಾಡಿ ನಳಿಗೆ ಹಾಕಿದ್ದಾರೆ. ಅದು ಇರುವ ತನಕ ಮಾತು ಬರುವುದಿಲ್ಲ, ಅದಕ್ಕೇ ಈ ಮೇಲ್. ಚೂರು ಇನ್ನೂ ಒಳಗೇ ಇದೆ, ಧ್ವನಿಪೆಟ್ಟಿಗೆಯ ಪಕ್ಕ. ಹನ್ನೆರಡನೇ ತಾರೀಖು ಅದನ್ನು ತೆಗೆಯುತ್ತಾರೆ. ಗಾಯ ಮಾಗಿದರೆ ಮಾತು ಮೊದಲಿನಂತೆಯೇ ಬರುತ್ತದಂತೆ.

ಒಂದು ವಿಷಯ ಮಾತ್ರ ಮನಸ್ಸನ್ನು ಕೊರೆಯುತ್ತಿದೆ. ಯಂತ್ರದ ಹತ್ತಿರ ಕೊರಳಲ್ಲಿ ಏನೂ ತೂಗಬಾರದು ಎಂದು ನನ್ನ ಇಷ್ಟಲಿಂಗವನ್ನು ಬೆಳಿಗ್ಗೆ ಪೂಜೆಯಾದ ಮೇಲೆ ಬೆಳ್ಳಿ ಕರಡಿಗೆಯ ಸಮೇತ ದೇವರ ಗೂಡಿನಲ್ಲಿಟ್ಟು ಹೋಗುವುದು, ಸಂಜೆ ಸ್ನಾನ ಮಾಡಿ ಧರಿಸುವುದು ನಿನಗೆ ಗೊತ್ತೇ ಇದೆ. ಜನವರಿಯಲ್ಲಿ ಹೊರಟಾಗ ವರ್ಕ್‌ಶಾಪಿನಿಂದ ನೇರ ಏರ್‌ಪೋರ್ಟಿಗೆ ಓಡಿದೆನಲ್ಲ, ಲಿಂಗ ಮನೆಯ ಗೂಡಿನಲ್ಲೇ ಉಳಿಯಿತು. ನಳಿಗೆ ಹಾಕುವ ಮೊದಲು ಪ್ರಜ್ಞೆ ತಪ್ಪಿಸುವಾಗ ಎದೆಯ ಮೇಲೆ ತಡಕಾಡಿದೆ. ಬರಿ ಚರ್ಮ. ಇನ್ನೊಂದು ಸಲ ಹಾಗೆ ಮಲಗಲು ನನ್ನಿಂದ ಆಗುವುದಿಲ್ಲ, ಅಕ್ಕ.

ಕಿಟಕಿಯ ಆಚೆ ಕಬ್ಬಿನ ಗದ್ದೆ. ಕಡಿಯುವ ಮೊದಲು ಬೆಂಕಿ ಇಡುತ್ತಾರೆ. ಎಷ್ಟು ಮುಚ್ಚಿದರೂ ಸಂದಿಯಿಂದ ಕರಿ ಬೂದಿ ಬಂದು ಹೊದಿಕೆಯ ಮೇಲೆ ಕೂರುತ್ತದೆ.

ಕಲ್ಮೇಶ


ವಿಜಯನಗರ
5 ಮಾರ್ಚ್ 2025

ಕಲ್ಮೇಶಾ,

ಬೈಯುವುದೆಲ್ಲ ನೀನು ಮನೆಗೆ ಬಂದ ಮೇಲೆ. ಈಗ ಕೆಲಸದ ಮಾತು.

ನಾನೇ ಬರುತ್ತೇನೆ. ಲಿಂಗ ತರುತ್ತೇನೆ, ನಿನ್ನ ಅಂಗೈಯಲ್ಲಿ ಇಟ್ಟು ಪಕ್ಕದಲ್ಲಿ ಕೂರುತ್ತೇನೆ. ಅಪ್ಪ ಅವ್ವ ಹೋದ ಮೇಲೆ ನಿನಗೆ ನಾನು, ನನಗೆ ನೀನು. ಬೇರೆ ಯಾರನ್ನು ಕಳಿಸಲಿ?

ನಿನ್ನ ಯಜಮಾನರು ಮನೆಗೆ ಬಂದಿದ್ದರು. ಸೋಫಾದ ತುದಿಯಲ್ಲಿ ಕೂತು, “ಅಮ್ಮಾ, ನೀವ್ಯಾಕೆ ಅಷ್ಟು ದೂರ ಹೋಗ್ತೀರ? ಕೊರಿಯರ್ ಮಾಡಿದ್ರೆ ಆರು ದಿನಕ್ಕೆ ಸೇರತ್ತೆ” ಎಂದರು. “ಲಿಂಗ ಏನು ಬೇರಿಂಗಾ ಸಾರ್, ಪಾರ್ಸೆಲ್ ಮಾಡೋಕೆ?” ಎಂದೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಹೇಳಿದ್ದಕ್ಕೆ ನನಗೇನೂ ಬೇಸರವಿಲ್ಲ.

ಪಾಸ್‌ಪೋರ್ಟ್ ಇದೆ, ನಿವೃತ್ತಿಯಾದ ವರ್ಷ ಗೆಳತಿಯರ ಜೊತೆ ಸಿಂಗಾಪುರಕ್ಕೆ ಹೋಗಿದ್ದು. ನಿನ್ನ ದ್ವೀಪಕ್ಕೆ ಕಾರ್ಖಾನೆಯವರ ಪತ್ರ ಸಾಕಂತೆ. ಉಳಿದಿರುವುದು ನಡುವಿನ ದೇಶ. ಅಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು, ಆರು ಗಂಟೆ ಕಾಯಬೇಕು. ಬರೀ ವಿಮಾನ ಬದಲಿಸುವುದಕ್ಕೂ ಕೆಲವು ದೇಶಗಳು ಟ್ರಾನ್ಸಿಟ್ ವೀಸಾ ಕೇಳುತ್ತವಂತೆ. ಈ ದೇಶ ಕೇಳುತ್ತದೋ ಇಲ್ಲವೋ ಎಂದು ಅವರದೇ ವೀಸಾ ಸಹಾಯ ಕೇಂದ್ರಕ್ಕೆ ನಿನ್ನೆ ಬರೆದೆ. ಒಂದೇ ಪ್ರಶ್ನೆ, ನಾಲ್ಕೇ ಸಾಲು. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಸವೆದವಳು ನಾನು. ಕಾಗದದಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂಬುದು ನಮ್ಮ ವಿಭಾಗದ ಮೊದಲ ಪಾಠ.

ಮನೆ ಬಿಕೋ ಎನ್ನುತ್ತಿದೆ. ಗೇಟಿನ ಬೆಲ್ ಕೆಟ್ಟು ಆರು ವರ್ಷವಾಯಿತು. “ಬೆಲ್ ಯಾಕಕ್ಕ, ನಾನು ಕೂಗ್ತೀನಲ್ಲ” ಎಂದು ನೀನು ರಿಪೇರಿ ಮಾಡಲೇ ಇಲ್ಲ. ಸಂಜೆ ಏಳಕ್ಕೆ ಮೂರನೇ ಮನೆಯವರೆಗೂ ಕೇಳುವ ಹಾಗೆ “ಅಕ್ಕಾ” ಎಂದು ಕೂಗುತ್ತಿದ್ದೆಯಲ್ಲ, ಎದುರು ಮನೆಯ ಲಕ್ಷ್ಮಿದೇವಮ್ಮ ಅದನ್ನು ಕೇಳಿಯೇ ಅನ್ನಕ್ಕೆ ಇಡುತ್ತಿದ್ದರಂತೆ. “ಈಗ ಟೈಮೇ ಗೊತ್ತಾಗಲ್ಲ ಕಣ್ರೀ” ಎನ್ನುತ್ತಾರೆ.

ನಿನ್ನ ಅಕ್ಕ,
ಜಗದಾಂಬಾ


ದ್ವೀಪ
7 ಮಾರ್ಚ್ 2025

ಅಕ್ಕ,

ನೀನೇ ಬರುತ್ತೀಯ ಎಂದು ಓದಿ ಅಳು ಬಂತು. ಗಂಟಲಲ್ಲಿ ನಳಿಗೆ ಇದ್ದಾಗ ಅಳುವುದು ಬಹಳ ಕಷ್ಟ. ಇನ್ನು ಮೇಲೆ ಹಾಗೆಲ್ಲ ಬರೆಯಬೇಡ.

ಒಂದು ವಿಷಯ. ಕಾರ್ಖಾನೆಯಲ್ಲಿ ನೇಪಾಳದ ಎಲೆಕ್ಟ್ರಿಷಿಯನ್ ಒಬ್ಬನಿದ್ದಾನೆ. ಬರುವಾಗ ಅವನನ್ನು ಆ ನಡುವಿನ ದೇಶದಲ್ಲಿ ಹಿಡಿದು ಎರಡು ದಿನ ಕೂರಿಸಿದ್ದರಂತೆ. ನಾನು ಬಂದಾಗ ಯಜಮಾನರು ಬೇರೆ ದಾರಿಯ ಟಿಕೆಟ್ ಮಾಡಿಸಿದ್ದರು, ಹಾಗಾಗಿ ನನಗೆ ಇದೆಲ್ಲ ಗೊತ್ತಿಲ್ಲ. ಸರಿಯಾಗಿ ವಿಚಾರಿಸು.

ಡಾಕ್ಟರು ಈ ದಿನ ಬಹಳ ಹೊತ್ತು ಮಾತಾಡಿದರು. ಹನ್ನೆರಡನ್ನು ದಾಟುವುದು ಅವರಿಗೆ ಅಷ್ಟು ಇಷ್ಟವಿಲ್ಲ. ಡಾಕ್ಟರುಗಳೆಲ್ಲ ಹಾಗೆಯೇ ಅಲ್ಲವೇ? ನೀನು ಯಾವತ್ತು ಬರುತ್ತೀಯ ಎಂದು ಖಚಿತವಾಗಿ ತಿಳಿಸಿದರೆ ಸಾಕು, ನಾನು ಅವರಿಗೆ ಹೇಳುತ್ತೇನೆ.

ಕಲ್ಮೇಶ


ವಿಜಯನಗರ
8 ಮಾರ್ಚ್ 2025

ಕಲ್ಮೇಶಾ,

ಬಂತು ಉತ್ತರ! ಸಹಾಯ ಕೇಂದ್ರದ ಲೆಟರ್‌ಹೆಡ್, ಉಲ್ಲೇಖ ಸಂಖ್ಯೆ, ಕೆಳಗೆ ಅಧಿಕಾರಿಯ ಹೆಸರು, ಎಲ್ಲ ಇದೆ. “ನೀವು ವಿಮಾನ ನಿಲ್ದಾಣದ ಹೊರಗೆ ಹೋಗುವುದಿಲ್ಲವಾದ್ದರಿಂದ ನಿಮಗೆ ಟ್ರಾನ್ಸಿಟ್ ವೀಸಾದ ಅಗತ್ಯವಿಲ್ಲ.” ಮೂರು ಪ್ರತಿ ತೆಗೆಸಿದ್ದೇನೆ. ಒಂದು ಹ್ಯಾಂಡ್‌ಬ್ಯಾಗಿಗೆ, ಒಂದು ಸೂಟ್‌ಕೇಸಿಗೆ, ಒಂದನ್ನು ದೇವರ ಗೂಡಿನಲ್ಲಿ ನಿನ್ನ ಕರಡಿಗೆಯ ಕೆಳಗೆ ಇಟ್ಟಿದ್ದೇನೆ. ನಿನ್ನ ನೇಪಾಳದವನ ಹತ್ತಿರ ಇಂಥ ಕಾಗದ ಇದ್ದಿರಲಾರದು.

ರಾಜಾಜಿನಗರದಲ್ಲಿ ಡಾ. ರಾಜ್‌ಕುಮಾರ್ ರಸ್ತೆಯ ಟ್ರಾವೆಲ್ಸ್‌ಗೆ ಹೋಗಿ ಟಿಕೆಟ್ ಮಾಡಿಸಿದೆ. ಅಲ್ಲಿ ದಿವ್ಯ ಎಂಬ ಹುಡುಗಿ, ಬಹಳ ಚುರುಕು, ಆದರೆ ಅನುಮಾನ ಜಾಸ್ತಿ.

“ಆಂಟಿ, ಎರಡನೇ ವಿಮಾನಕ್ಕೆ ನೀವು ಬೇರೆ ಟರ್ಮಿನಲ್‌ಗೆ ಹೋಗ್ಬೇಕು. ಮಧ್ಯ ಇಮಿಗ್ರೇಷನ್ ದಾಟಿಸ್ತಾರೆ. ವೀಸಾ ಇಲ್ದೆ ಬಿಡಲ್ಲ. ಹೋದ್ ತಿಂಗ್ಳು ನಮ್ಮ ಕಸ್ಟಮರ್ ಒಬ್ರನ್ನ ವಾಪಸ್ ಕಳಿಸಿದ್ರು.”

“ಎಲ್ಲಿ ಬರೆದಿದೆ ತೋರ್ಸಮ್ಮ.”

“ಬರೆದಿರೋದಲ್ಲ ಆಂಟಿ, ದಿನಾ ನೋಡ್ತೀವಲ್ಲ. ಬೇರೆ ದಾರಿ ಒಂದಿದೆ, ಸುತ್ತು, ಎರಡು ದಿನ ಲೇಟಾಗತ್ತೆ. ಆದ್ರೆ ವೀಸಾ ರಗಳೆ ಇಲ್ಲ.”

ನಾನು ಕಾಗದವನ್ನು ಅವಳ ಮೇಜಿನ ಮೇಲೆ ಇಟ್ಟು, “ಇದಕ್ಕಿಂತ ದೊಡ್ಡದು ನಿನ್ನ ಹತ್ರ ಏನಿದೆ?” ಎಂದೆ. ಅವಳು ಎರಡು ಸಲ ಓದಿ ಟಿಕೆಟ್ ಮಾಡಿಕೊಟ್ಟಳು. ಹೊರಡುವಾಗ ಮಾತ್ರ, “ಹುಷಾರು ಆಂಟಿ” ಎಂದಳು. ಅವಳ ಮುಖ ಯಾಕೋ ಇನ್ನೂ ಕಣ್ಣ ಮುಂದೆ ಇದೆ.

ಹನ್ನೆರಡರ ಬೆಳಗಿನ ಜಾವ ಹೊರಡುತ್ತೇನೆ, ಹದಿಮೂರಕ್ಕೆ ನಿನ್ನ ಹತ್ತಿರ. ಆಪರೇಷನ್ ಹದಿನಾಲ್ಕಕ್ಕೆ ಇಟ್ಟುಕೊಳ್ಳಲು ಡಾಕ್ಟರಿಗೆ ಧೈರ್ಯವಾಗಿ ಹೇಳು. ಜವಾಬ್ದಾರಿ ನನ್ನದು.

ಜಗದಾಂಬಾ


ದ್ವೀಪ
10 ಮಾರ್ಚ್ 2025

ಅಕ್ಕ,

ಹೇಳಿದೆ. ಒಪ್ಪಿದರು. ಹದಿನಾಲ್ಕಕ್ಕೆ.

ಒಪ್ಪುವ ಮೊದಲು ಒಂದು ಫಾರ್ಮಿಗೆ ಸಹಿ ಹಾಕಿಸಿಕೊಂಡರು, ತಡ ಮಾಡುತ್ತಿರುವುದು ನನ್ನ ಸ್ವಂತ ಇಚ್ಛೆಯಿಂದ ಎಂದು. ನೀನಾಗಿದ್ದರೆ ಪ್ರತಿ ಕೇಳುತ್ತಿದ್ದೆ ಅಲ್ಲವೇ? ನಾನೂ ಕೇಳಿ ತೆಗೆದುಕೊಂಡೆ. ದಿಂಬಿನ ಕೆಳಗಿದೆ.

ಮೈ ಸ್ವಲ್ಪ ಬೆಚ್ಚಗಿದೆ, ಅಷ್ಟೇ. ಇಲ್ಲಿ ಸೆಖೆ. ನರ್ಸಮ್ಮ ಗಾಯದ ಬಟ್ಟೆಯನ್ನು ದಿನಕ್ಕೆ ಎರಡು ಸಲ ಬದಲಿಸುತ್ತಿದ್ದಳು, ಈಗ ನಾಲ್ಕು ಸಲ ಬದಲಿಸುತ್ತಾಳೆ. ಬಹಳ ಒಳ್ಳೆಯವಳು. ಬದಲಿಸುವಾಗ ಮಾತ್ರ ಮೊದಲಿನ ಹಾಗೆ ನಗುವುದಿಲ್ಲ.

ಗದ್ದೆಯ ಬೆಂಕಿ ಹತ್ತಿರ ಬಂದಿದೆ. ಇನ್ನೆರಡು ಗದ್ದೆ ಸುಟ್ಟರೆ ಆಸ್ಪತ್ರೆಯ ಗೋಡೆ.

ಬೇಗ ಬಾ.

ಕಲ್ಮೇಶ


ನಡುವಿನ ದೇಶದ ಏರ್‌ಪೋರ್ಟ್
12 ಮಾರ್ಚ್ 2025

ಕಲ್ಮೇಶಾ,

ಇಲ್ಲಿಯವರೆಗೆ ಬಂದು ತಲುಪಿದ್ದೇನೆ. ಬೆಂಗಳೂರಿನ ಕೌಂಟರಿನಲ್ಲಿ ಕಾಗದ ನೋಡಿ ತಮ್ಮತಮ್ಮಲ್ಲೇ ಸ್ವಲ್ಪ ಮಾತಾಡಿಕೊಂಡು ಬಿಟ್ಟರು. ಮುಂದಿನ ವಿಮಾನ ಸ್ವಲ್ಪ ತಡವಿದೆ. ನನ್ನನ್ನು ಒಂದು ರೂಮಿನಲ್ಲಿ ಕೂರಿಸಿದ್ದಾರೆ. ಬಹಳ ಮರ್ಯಾದೆ. ನೀರು ಕೊಟ್ಟರು, ಬ್ರೆಡ್ ಕೊಟ್ಟರು. ಬಾತ್‌ರೂಮಿಗೆ ಹೋದರೂ ಒಬ್ಬಳು ಬಾಗಿಲ ತನಕ ಜೊತೆಗೆ ಬರುತ್ತಾಳೆ. ರೂಮಿಗೆ ಕಿಟಕಿ ಇಲ್ಲ, ಹಾಗಾಗಿ ಹಗಲೋ ಇರುಳೋ ತಿಳಿಯುವುದಿಲ್ಲ.

ಕರಡಿಗೆಯನ್ನು ಬಿಚ್ಚಿಸಿ ನೋಡಿದರು. ಇದೇನು ಎಂದು ಕೇಳಿದರು. ನನ್ನ ತಮ್ಮನದು ಎಂದೆ. ಇನ್ನೇನು ಹೇಳಲಿ? ಕೈಗವಸು ಹಾಕಿಕೊಂಡ ಬೆರಳಲ್ಲಿ ಲಿಂಗವನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಟ್ಟರು.

ಹದಿನಾಲ್ಕು ಎನ್ನುವುದು ಹದಿನಾರು ಆಗಬಹುದು. ನೀನು ಯೋಚನೆ ಮಾಡಬೇಡ. ಫೋನ್ ಆಫ್ ಮಾಡಬೇಕಂತೆ.

ಅಕ್ಕ


ದ್ವೀಪ
14 ಮಾರ್ಚ್ 2025

ಅಕ್ಕ

ಹದಿನಾರು ಆಗಲಿ. ಇನ್ನೊಂದು ಫಾರ್ಮಿಗೆ ಸಹಿ ಹಾಕಿದೆ.

ನಿನ್ನ ರೂಮಿಗೆ ಕಿಟಕಿ ಇಲ್ಲದಿರುವುದೇ ಪುಣ್ಯ. ನಾನು ನನ್ನದನ್ನು ಮುಚ್ಚಿಸಿದ್ದೇನೆ.

ನಿದ್ದೆಯಲ್ಲಿ ನಮ್ಮ ಮನೆ ಗೇಟಿನ ಹತ್ತಿರ ನಿಂತಿದ್ದೆ. ಒಳಗೆ ನೀನು ಕಾಣಿಸುತ್ತಿದ್ದೀಯ, ಬೆನ್ನು ಮಾಡಿಕೊಂಡು ದೇವರ ಗೂಡು ಒರೆಸುತ್ತಿದ್ದೀಯ. ಕೂಗುತ್ತಿದ್ದೇನೆ, ನಿನಗೆ ಕೇಳುತ್ತಿಲ್ಲ.

ಇದು ಜ್ವರಕ್ಕೆ. ಬೇಗ ಬಾ ಅಕ್ಕ

ಕಲ್


ವಿಜಯನಗರ
15 ಮಾರ್ಚ್ 2025

ಕಲ್ಮೇಶಾ,

ಇದನ್ನು ಓದಿದ ಕೂಡಲೇ ಡಾಕ್ಟರನ್ನು ಕರೆಸು. ನನಗಾಗಿ ಕಾಯಬೇಡ. ಮೇಲೆ ಊರಿನ ಹೆಸರು ನೋಡು. ನಾನು ವಿಜಯನಗರದಲ್ಲಿದ್ದೇನೆ.

ನಿನಗೆ ಸುಳ್ಳು ಬರೆದೆ. ಆ ರೂಮು ವಿಮಾನ ತಡವೆಂದು ಕೂರಿಸಿದ್ದಲ್ಲ, ಹಿಡಿದು ಕೂರಿಸಿದ್ದು. ದಿವ್ಯ ಹೇಳಿದ್ದೇ ನಿಜ. ಬೇರೆ ಟರ್ಮಿನಲ್‌ಗೆ ಹೋಗುವ ದಾರಿಯಲ್ಲಿ ಇಮಿಗ್ರೇಷನ್ ಬಂತು, ವೀಸಾ ಕೇಳಿದರು. ಕಾಗದ ತೋರಿಸಿದೆ. ಗಾಜಿನ ಆಚೆ ಕೂತಿದ್ದ ಅಧಿಕಾರಿ ಅದನ್ನು ಓದಿ, ಸಹಾಯ ಕೇಂದ್ರದವರು ಅರ್ಜಿ ತೆಗೆದುಕೊಳ್ಳುವವರು ಅಷ್ಟೇ, ಹೇಳಿದ್ದು ತಪ್ಪು, ಈ ಕಾಗದಕ್ಕೆ ಇಲ್ಲಿ ಬೆಲೆ ಇಲ್ಲ ಎಂದ. ಉಲ್ಲೇಖ ಸಂಖ್ಯೆ ಇದೆ ನೋಡಿ ಎಂದೆ. ಅವನು ನಗಲಿಲ್ಲ, ರೇಗಲೂ ಇಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಪಾಸ್‌ಪೋರ್ಟಿನೊಳಗೆ ಇಟ್ಟು, ಮುಂದಿನ ಮನುಷ್ಯನನ್ನು ಕರೆದ. ಮೂವತ್ತೊಂದು ವರ್ಷ ನಾನೂ ಜನರ ಅರ್ಜಿಗಳನ್ನು ಹಾಗೆಯೇ ಮಡಿಸಿ ವಾಪಸ್ ಕೊಟ್ಟಿದ್ದೇನೆ. ಅವರು ಆಚೆ ಹೋಗಿ ಏನು ಮಾಡುತ್ತಿದ್ದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ನಿನ್ನೆ ಮಧ್ಯಾಹ್ನ ಬೆಂಗಳೂರಿಗೆ ತಂದು ಬಿಟ್ಟರು. ನಿನಗೆ ಆಗಲೇ ಬರೆಯಬೇಕಿತ್ತು. ಧೈರ್ಯ ಸಾಲಲಿಲ್ಲ. ನಾನು ಬರುತ್ತಿಲ್ಲ ಎಂದು ತಿಳಿದರೆ ನೀನು ಟೇಬಲ್ ಹತ್ತುವುದೇ ಇಲ್ಲವೇನೋ ಎಂದು ಹೆದರಿ, ಇನ್ನೊಂದು ದಾರಿ ಸಿಕ್ಕ ಮೇಲೆ ತಿಳಿಸೋಣ ಎಂದುಕೊಂಡೆ. ಸುತ್ತು ದಾರಿಯ ಟಿಕೆಟ್ ಇಪ್ಪತ್ತರವರೆಗೆ ಇಲ್ಲ. ದಿವ್ಯ ಒಂದೇ ಒಂದು ಮಾತು ಆಡಿ ತೋರಿಸಲಿಲ್ಲ. ಕೂರಿಸಿ ನೀರು ಕೊಟ್ಟಳು. ಅವಳು ಆಡಿ ತೋರಿಸಿದ್ದರೇ ಚೆನ್ನಾಗಿತ್ತು.

ಇವತ್ತು ನಿನ್ನ ಕಾಗದ ಓದಿದೆ. ಹೆಸರನ್ನು ಪೂರ್ತಿ ಬರೆಯಲಾಗದಷ್ಟು ಜ್ವರವೇ? “ಸ್ವಲ್ಪ ಬೆಚ್ಚಗಿದೆ” ಎಂದೆಯಲ್ಲೋ!

ಕೇಳು. ಲಿಂಗ ಇಲ್ಲಿ ನನ್ನ ಎಡ ಅಂಗೈಯಲ್ಲಿದೆ, ನಿನ್ನ ಬದಲು ನಾನು ಹಿಡಿದು ಕೂತಿದ್ದೇನೆ. ನೀನು ಅಲ್ಲಿ ಎಡಗೈ ಬಿಚ್ಚಿಕೊಂಡು ಮಲಗು. ಬರಿಗೈ ಎಂದುಕೊಳ್ಳಬೇಡ. ನಿನ್ನ ಕೈಗೂ ನನ್ನ ಕೈಗೂ ಭೇದ ಯಾವಾಗ ಇತ್ತು? ಈಗಲೇ ಆಪರೇಷನ್ ಮಾಡಿಸಿಕೊ. ನಾನು ಹೇಳುತ್ತಿದ್ದೇನೆ, ಬರಹದಲ್ಲೇ ಹೇಳುತ್ತಿದ್ದೇನೆ.

ಅಕ್ಕ


ವಿಜಯನಗರ
18 ಮಾರ್ಚ್ 2025

ಕಲ್ಮೇಶಾ,

ಮೂರು ದಿನವಾಯಿತು. ಓದಿದೆಯಾ ಇಲ್ಲವಾ, ಅಷ್ಟನ್ನಾದರೂ ತಿಳಿಸು. ಒಂದು ಚುಕ್ಕೆ ಹಾಕಿ ಕಳಿಸು, ಸಾಕು. ಆಸ್ಪತ್ರೆಯ ಫೋನ್ ಎತ್ತುವವರ ಮಾತು ನನಗೆ ತಿಳಿಯುವುದಿಲ್ಲ. ಕಾರ್ಖಾನೆಯವರು ರೇವಣಸಿದ್ದಪ್ಪನವರಿಗೆ “ಒಳಗಿದ್ದಾನೆ” ಎಂದಷ್ಟೇ ಹೇಳಿದರಂತೆ. ಒಳಗೆ ಎಂದರೆ ಎಲ್ಲಿ ಎಂದು ಕೇಳಲು ಅವರಿಗೆ ಬಾಯಿ ಬರಲಿಲ್ಲವಂತೆ.

ಅವರು ಇವತ್ತೂ ಬಂದಿದ್ದರು. ಆ ದಿನ ಕೊರಿಯರ್ ಎಂದವರು ಇವತ್ತು ಆ ಮಾತನ್ನೇ ಎತ್ತಲಿಲ್ಲ. ನಾನೇ ಎತ್ತಿದೆ. ಐದನೇ ತಾರೀಖು ಕಳಿಸಿದ್ದರೆ ಹನ್ನೊಂದಕ್ಕೆ ನಿನ್ನ ಕೈಯಲ್ಲಿ ಇರುತ್ತಿತ್ತು, ಹನ್ನೆರಡಕ್ಕೆ ಆಪರೇಷನ್ ಆಗಿರುತ್ತಿತ್ತು. ಲೆಕ್ಕ ಇಷ್ಟು ಸುಲಭ ಇತ್ತು. ನಾನು ನಗೆ ಮಾಡಿ ಕಳಿಸಿದೆ. “ಬಿಡಿ ಅಮ್ಮಾ” ಎಂದು ಕಾಫಿಯನ್ನು ಪೂರ್ತಿ ಕುಡಿದು ಹೋದರು.

ವಾಪಸ್ ಬಂದ ದಿನವೇ ಸಹಾಯ ಕೇಂದ್ರಕ್ಕೆ ದೂರು ಬರೆದಿದ್ದೆ, ಅದಕ್ಕೆ ಈಗ ಉತ್ತರ ಬಂದಿದೆ. “ಹಿಂದೆ ನೀಡಿದ ಮಾಹಿತಿ ಸರಿಯಿರಲಿಲ್ಲ. ನಿಮ್ಮ ಪ್ರಯಾಣಕ್ಕೆ ಟ್ರಾನ್ಸಿಟ್ ವೀಸಾ ಅಗತ್ಯ. ಅನನುಕೂಲಕ್ಕೆ ವಿಷಾದಿಸುತ್ತೇವೆ. ಈ ಕಡತವನ್ನು ಮುಕ್ತಾಯಗೊಳಿಸಲಾಗಿದೆ.” ಅದೇ ಲೆಟರ್‌ಹೆಡ್. ಅದೇ ಉಲ್ಲೇಖ ಸಂಖ್ಯೆ.

ಸಂಜೆ ಏಳಕ್ಕೆ ಯಾರೋ ಗೇಟಿನಲ್ಲಿ ಕೂಗಿದಂತಾಗಿ ಓಡಿದೆ. ಯಾರೂ ಇರಲಿಲ್ಲ. ಎದುರು ಮನೆಯಿಂದ ಲಕ್ಷ್ಮಿದೇವಮ್ಮನೂ ಬಾಗಿಲಿಗೆ ಬಂದು ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಳಗೆ ಹೋದೆವು.

ಭಯವಾಗುತ್ತಿದೆ ಕಣೋ.

ಅಕ್ಕ


ದ್ವೀಪ
24 ಮಾರ್ಚ್ 2025

ಅಕ್ಕ,

ಬದುಕಿದ್ದೇನೆ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕು ಎಂದು ಎರಡು ದಿನದಿಂದ ಯೋಚಿಸಿ ಬರೆಯುತ್ತಿದ್ದೇನೆ.

ನಿನ್ನ ಹದಿನೈದರ ಕಾಗದವನ್ನು ನಾನು ಮೊನ್ನೆ ಓದಿದೆ. ನೀನು ಅದನ್ನು ಬರೆಯುವ ಹೊತ್ತಿಗೆ ನನಗೆ ಎಚ್ಚರವಿರಲಿಲ್ಲ. ಹದಿನಾಲ್ಕರ ಸಂಜೆ ಉಸಿರು ಕಟ್ಟಿತು, ಫಾರ್ಮು ಸಹಿ ಯಾವುದನ್ನೂ ನೋಡದೆ ಡಾಕ್ಟರು ಒಳಗೆ ಒಯ್ದರು. ನರ್ಸಮ್ಮ ಆಮೇಲೆ ಹೇಳಿದಳು, ಪ್ರಜ್ಞೆ ಇಲ್ಲದಿದ್ದರೂ ನನ್ನ ಎಡಗೈ ಬಿಚ್ಚಿಕೊಂಡೇ ಇತ್ತಂತೆ, ಅವಳು ಎಷ್ಟು ಸಲ ಮಡಿಸಿದರೂ ಮತ್ತೆ ಬಿಚ್ಚಿಕೊಳ್ಳುತ್ತಿತ್ತಂತೆ. ನೀನು ಹೇಳುವ ಮೊದಲೇ. ಇದನ್ನು ಓದಿ ನೀನು ಅಳುತ್ತೀಯ ಎಂದು ಗೊತ್ತು. ಅಳು. ನಿನ್ನ ಗಂಟಲಲ್ಲಿ ನಳಿಗೆ ಇಲ್ಲ.

ನಿನ್ನ ಮೇಲೆ ನನಗೆ ಸಿಟ್ಟು ಬಂದಿತ್ತು. ಇಲ್ಲ ಎಂದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಆದರೆ ಮೊದಲು ಮುಚ್ಚಿಟ್ಟವನು ನಾನು. ಏಳನೇ ತಾರೀಖೇ ಡಾಕ್ಟರು ನನಗೆ ಸ್ಪಷ್ಟವಾಗಿ ಹೇಳಿದ್ದರು, ಚೂರಿನ ಸುತ್ತ ಕೀವು ಸೇರುತ್ತಿದೆ, ಹನ್ನೆರಡನ್ನು ದಾಟಿದರೆ ಧ್ವನಿಪೆಟ್ಟಿಗೆ ಉಳಿಯುವ ಭರವಸೆ ಇಲ್ಲ ಎಂದು. ನಾನು ನಿನಗೆ “ಅಷ್ಟು ಇಷ್ಟವಿಲ್ಲ” ಎಂದು ಬರೆದೆ. ಹಾಗೆ ಬರೆಯದಿದ್ದರೆ ನೀನು ಕಾಯಬೇಡ ಎನ್ನುತ್ತಿದ್ದೆ, ನನಗೆ ನೀನು ಬರಬೇಕಿತ್ತು. ನಿನ್ನ ಹತ್ತಿರ ತಪ್ಪು ಕಾಗದ ಇತ್ತು. ನನ್ನ ಹತ್ತಿರ ಸರಿಯಾದ ಮಾತೇ ಇತ್ತು, ನಾನು ಅದನ್ನು ನಿನಗೆ ದಾಟಿಸಲಿಲ್ಲ.

ಅವರು ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಿದ್ದಾರೆ, ಅಕ್ಕ. ಗಂಟಲಿನ ತೂತು ಇನ್ನು ಹಾಗೆಯೇ ಇರುತ್ತದೆ.

ಕಾರ್ಖಾನೆಯವರು ಟಿಕೆಟ್ ಮಾಡಿದ್ದಾರೆ, ದಿವ್ಯ ಹೇಳಿದ ಆ ಸುತ್ತು ದಾರಿಯಲ್ಲೇ. ಏಪ್ರಿಲ್ ಏಳಕ್ಕೆ ಬೆಂಗಳೂರು. ನೀನು ಏರ್‌ಪೋರ್ಟಿಗೆ ಬರಬೇಡ. ಅಲ್ಲಿ ಜನರ ಮಧ್ಯೆ ನೀನು ಏನಾದರೂ ಕೇಳುತ್ತೀಯ, ನಾನು ಉತ್ತರ ಕೊಡಲಾಗದೆ ನಿಲ್ಲಬೇಕಾಗುತ್ತದೆ. ಯಜಮಾನರ ಗಾಡಿಯಲ್ಲಿ ಮನೆಗೇ ಬರುತ್ತೇನೆ. ಲಿಂಗ ಗೂಡಿನಲ್ಲೇ ಇರಲಿ, ಸ್ನಾನ ಮಾಡಿ ನಾನೇ ತೆಗೆದುಕೊಳ್ಳುತ್ತೇನೆ. ಅದರ ಕೆಳಗೆ ಇಟ್ಟಿದ್ದೀಯಲ್ಲ, ಆ ಕಾಗದ ಮಾತ್ರ ನಾನು ಬರುವಷ್ಟರಲ್ಲಿ ಅಲ್ಲಿ ಇರಬಾರದು.

ಇನ್ನೊಂದು ಕೆಲಸ. ವಿಮಾನ ಸರಿಯಾದ ಹೊತ್ತಿಗೆ ಬಂದರೆ ಗೇಟಿನ ಹತ್ತಿರ ಬರುವಾಗ ಸಂಜೆ ಏಳಾಗಬಹುದು. ನೀನು ಹಿಂದೆ ಅಡುಗೆಮನೆಯಲ್ಲಿ ಇರುತ್ತೀಯ.

ಬೆಲ್ ರಿಪೇರಿ ಮಾಡಿಸಿರು.

ಕಲ್ಮೇಶ